‘ಹಾರ್ಡ್ ಡಿಸ್ಕ್ ಹೋಗಿದೆ’ ಅನ್ನುವ ಮೊದಲು

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು. ಕನ್ನಡ ಮೀಡಿಯಂನಲ್ಲಿ ಓದಿ ಐಟಿಐ ಮುಗಿಸಿದ್ದೇನೆ. ಈಗ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದ್ದೇನೆ. ರ್‍ಯಾಮ್ ಬದಲಿಸುವುದು, ಫ್ಯಾನ್ ಕ್ಲೀನ್ ಮಾಡುವುದು ಬರುತ್ತದೆ. ಆದರೆ ಅಂಗಡಿಯ ಅಣ್ಣಂದಿರು ‘ಎಂಬಿಆರ್ ಇದ್ಯಾ, ಜಿಪಿಟಿನಾ ನೋಡು’, ‘ಲೆಗಸಿಗೆ ಹಾಕು’, ‘ಬೂಟ್‌ಲೋಡರ್ ಹೋಗಿದೆ’ ಎಂದಾಗ ತಲೆ ತಿರುಗುತ್ತದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಪಟ್ಟಿ ಬಾಯಿಪಾಠ ಮಾಡಿದರೂ ಮರುದಿನ ಮರೆತುಹೋಗುತ್ತದೆ. ಹಾರ್ಡ್ ಡಿಸ್ಕ್ ಮತ್ತು ಬೂಟಿಂಗ್‌ಗೆ ಸಂಬಂಧಪಟ್ಟ ಪದಗಳಲ್ಲಿ ಯಾವುದನ್ನು, ಯಾವ ಕ್ರಮದಲ್ಲಿ ಕಲಿಯಬೇಕು?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅಕ್ಷರಕ್ರಮದ ಪಟ್ಟಿಯಲ್ಲಿ ‘ಬೂಟ್‌ಲೋಡರ್’ ಪಕ್ಕದಲ್ಲೇ ‘ಬ್ಯಾಡ್ ಸೆಕ್ಟರ್’ ಇರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಗೆ ಕಲಿತದ್ದು ತಲೆಯಲ್ಲಿ ಹೇಗೆ ನಿಲ್ಲುತ್ತದೆ? ಪವರ್ ಬಟನ್ ಒತ್ತಿದ ಮೇಲೆ ಕಂಪ್ಯೂಟರ್ ಯಾವ ಕ್ರಮದಲ್ಲಿ ಏಳುತ್ತದೋ (ಈ ಏಳುವುದೇ ಬೂಟಿಂಗ್) ಅದೇ ಕ್ರಮದಲ್ಲಿ ಕಲಿಯಿರಿ. ಆಗ ಪ್ರತಿ ಪದಕ್ಕೂ ಒಂದು ಜಾಗ ಸಿಗುತ್ತದೆ. ಪರದೆಯ ಮೇಲೆ ಬರುವ ಎರರ್ ಕೂಡ ‘ನಾನು ಇಲ್ಲಿ ನಿಂತೆ’ ಎಂದು ಹೇಳುವುದು ಕೇಳಿಸುತ್ತದೆ.

ಗ್ರಾಹಕರು ಎಲ್ಲದಕ್ಕೂ ಒಂದೇ ಮಾತು ಹೇಳುತ್ತಾರೆ: ‘ಹಾರ್ಡ್ ಡಿಸ್ಕ್ ಹೋಗಿದೆ.’ ಅದರ ಹಿಂದೆ ಮೂರು ಬೇರೆ ಬೇರೆ ತೊಂದರೆಗಳಿರಬಹುದು. ಡಿಸ್ಕ್ ಎಂಬ ವಸ್ತುವೇ ಕೆಟ್ಟಿರಬಹುದು. ವಸ್ತು ಚೆನ್ನಾಗಿದ್ದು, ಅದರೊಳಗೆ ಏನು ಎಲ್ಲಿದೆ ಎಂಬ ಲೆಕ್ಕ ಹಾಳಾಗಿರಬಹುದು. ಇಲ್ಲವೇ ಎರಡೂ ಸರಿಯಿದ್ದು, ವಿಂಡೋಸ್ ಶುರುವಾಗುವ ದಾರಿ ಮಾತ್ರ ತಪ್ಪಿರಬಹುದು. ಮೊದಲನೆಯದಾದರೆ ಡಿಸ್ಕನ್ನು ಆದಷ್ಟು ಕಡಿಮೆ ಓಡಿಸಿ ಡೇಟಾ ತೆಗೆಯಬೇಕು. ಎರಡನೆಯದಾದರೆ ಅದರ ಮೇಲೆ ಏನೂ ಬರೆಯಬಾರದು. ಮೂರನೆಯದಾದರೆ ಸ್ವಲ್ಪ ಹೊತ್ತಿನ ಕೆಲಸ, ಫೋಟೋಗಳೆಲ್ಲ ಹಾಗೇ ಇರುತ್ತವೆ. ಮೂರನ್ನೂ ಒಂದೇ ಎಂದುಕೊಂಡು ‘ಫಾರ್ಮ್ಯಾಟ್ ಮಾಡಿ ಓಎಸ್ ಹಾಕೋಣ’ ಎಂದರೆ ಯಾರದೋ ಮದುವೆ ಆಲ್ಬಂ, ಯಾವುದೋ ಆಫೀಸಿನ ಟ್ಯಾಲಿ ಡೇಟಾ ಸುಮ್ನೆ ಹೋಗಿಬಿಡುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆ ನನಗೆ ಮುಖ್ಯ ಅನಿಸಿತು. ಈ ಪದಗಳು ಬರೀ ಇಂಟರ್‌ವ್ಯೂಗೆ ಬೇಕಾದವಲ್ಲ.

ಏಳುವ ಕ್ರಮ ಅರ್ಥವಾಗಬೇಕಾದರೆ ಮೊದಲು ಡಿಸ್ಕ್ ಏನೆಂದು ಗೊತ್ತಿರಬೇಕು. ಹಾಗಾಗಿ ವಸ್ತುವಿನಿಂದ ಶುರು ಮಾಡೋಣ. ಹಳೆಯ ಬಗೆಯ ಹಾರ್ಡ್ ಡಿಸ್ಕ್‌ನೊಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆಗಳಿವೆ. ಅವು ಪ್ಲ್ಯಾಟರ್. ಅವನ್ನು ತಿರುಗಿಸುವ ನಡುವಿನ ಕಂಬ ಸ್ಪಿಂಡಲ್. ಓದಿ ಬರೆಯುವ ತುದಿ ಹೆಡ್. ಡಬ್ಬದ ಮೇಲೆ 5400 ಅಥವಾ 7200 ಆರ್‌ಪಿಎಂ ಎಂದು ಇರುತ್ತದಲ್ಲ, ಅದು ತಟ್ಟೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಒಂದು ಸಣ್ಣ ಧೂಳಿನ ಕಣ ಕೂಡ ಆ ಸಂದಿಗಿಂತ ದೊಡ್ಡದು. ಆದ್ದರಿಂದ ಅಂಗಡಿಯಲ್ಲಿ ಡಿಸ್ಕ್‌ನ ಮುಚ್ಚಳ ಎಂದೂ ಬಿಚ್ಚಬೇಡಿ. ಓಡುತ್ತಿರುವ ಡಿಸ್ಕ್ ಅಲುಗಾಡಿಸಲೂ ಬೇಡಿ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದರೆ ಹೆಡ್ ತನ್ನ ಜಾಗ ಹುಡುಕಲು ಒದ್ದಾಡುತ್ತಿದೆ ಎಂದರ್ಥ. ಕೂಡಲೇ ಪವರ್ ತೆಗೆಯಿರಿ. ಡೇಟಾ ಬೇಕೇ ಬೇಕು ಎಂದರೆ ಅದು ಧೂಳಿಲ್ಲದ ಕ್ಲೀನ್ ರೂಮ್ ಇರುವವರ ಕೆಲಸ.

ಡಿಸ್ಕ್ ಬರೆಯುವ ಅತಿ ಸಣ್ಣ ತುಂಡಿಗೆ ಸೆಕ್ಟರ್ ಎನ್ನುತ್ತಾರೆ. ಬಹಳ ಕಾಲ ಅದರ ಅಳತೆ 512 ಬೈಟ್ ಇತ್ತು. ಈಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಾಗಿ 4096 ಬೈಟ್. ಓದಲಾಗದ ಸೆಕ್ಟರ್ ಬ್ಯಾಡ್ ಸೆಕ್ಟರ್. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದನ್ನು ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪ್ರೋಗ್ರಾಂ ತೆರೆದರೆ ಹಾರ್ಡ್ ಡಿಸ್ಕ್‌ನಲ್ಲಿ ಉದ್ದ ಪಟ್ಟಿ ಬರುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ. ಸದ್ಯಕ್ಕೆ 05, ಸಿ5, ಸಿ6 ಈ ಮೂರು ಸಾಲು ನೋಡಿದರೆ ಸಾಕು. 05ನೇ ಸಾಲು, ಹಾಳಾದ ಸೆಕ್ಟರ್ ಬಿಟ್ಟು ಬೇರೆ ಕಡೆ ಜಾಗ ಕೊಟ್ಟ ಲೆಕ್ಕ. ಸಿ5, ಓದಲು ಕಷ್ಟವಾಗಿ ಇನ್ನೂ ತೀರ್ಮಾನವಾಗದ ಸೆಕ್ಟರ್‌ಗಳು. ಸಿ6, ತಪಾಸಣೆಯಲ್ಲೂ ಸರಿಪಡಿಸಲಾಗದವು. ಸಿ5 ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಮೊದಲು ಡೇಟಾ ಕಾಪಿ, ಆಮೇಲೆ ಉಳಿದ ಮಾತು. ಅಂಥ ಡಿಸ್ಕ್ ಮೇಲೆ ಚೆಕ್ ಡಿಸ್ಕ್ (ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಟೂಲ್) ಓಡಿಸುವ ಅಭ್ಯಾಸ ಬಹಳ ಕಡೆ ಇದೆ. ಅದು ಸೋತ ಡಿಸ್ಕ್‌ಗೆ ಇನ್ನಷ್ಟು ಕೆಲಸ ಕೊಟ್ಟ ಹಾಗೆ. ಕಾಪಿ ಆಗುವ ತನಕ ಚೆಕ್ ಡಿಸ್ಕ್ ಮುಟ್ಟಬೇಡಿ.

ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿ. ಅದರಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಫ್ಲ್ಯಾಶ್ ಚಿಪ್‌ಗಳಿವೆ, ಅವನ್ನು ನಡೆಸುವ ಕಂಟ್ರೋಲರ್ ಇದೆ. ಸದ್ದಿಲ್ಲ. ಹಾಗಾಗಿ ಮುನ್ಸೂಚನೆಯೂ ಕಡಿಮೆ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಡಿಟೆಕ್ಟ್ ಆಗದೇ ಹೋಗಬಹುದು.

ಎಸ್‌ಎಸ್‌ಡಿ ಮಾರುವ ಕೌಂಟರ್‌ನಲ್ಲಿ ಅತಿ ಹೆಚ್ಚು ಗೊಂದಲ ಮಾಡುವ ಪದಗಳು ಮೂರು: ಸಾಟಾ, ಎಂ ಡಾಟ್ ಟು, ಎನ್‌ವಿಎಂಇ. ಇವು ಮೂರು ಬಗೆಯ ಎಸ್‌ಎಸ್‌ಡಿ ಎಂದುಕೊಂಡರೆ ತಪ್ಪು ಸಾಮಾನು ಕೊಡುತ್ತೀರಿ. ಎಂ ಡಾಟ್ ಟು ಎಂದರೆ ಆಕಾರ ಮತ್ತು ಕೂರುವ ಸ್ಲಾಟ್, ಅಷ್ಟೇ. ಅದರ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಸಾಟಾ ಮತ್ತು ಎನ್‌ವಿಎಂಇ ಎಂದರೆ ಡಿಸ್ಕ್ ಮದರ್‌ಬೋರ್ಡ್ ಜೊತೆ ಮಾತಾಡುವ ರೀತಿ. ಎಂ ಡಾಟ್ ಟು ಆಕಾರದಲ್ಲಿ ಸಾಟಾ ಡಿಸ್ಕೂ ಇದೆ, ಎನ್‌ವಿಎಂಇ ಡಿಸ್ಕೂ ಇದೆ. ನೋಡಲು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪಿನ್ ಇರುವ ತುದಿ ನೋಡಿ. ಹೆಚ್ಚಾಗಿ ಎನ್‌ವಿಎಂಇಗೆ ಒಂದು ಕಚ್ಚು ಇರುತ್ತದೆ, ಸಾಟಾಗೆ ಎರಡು. ಇದೊಂದನ್ನೇ ನಂಬಬೇಡಿ, ಲೇಬಲ್ ಓದಿ. ಆಮೇಲೆ ಗ್ರಾಹಕರ ಲ್ಯಾಪ್‌ಟಾಪ್ ಮಾಡೆಲ್‌ನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ನೋಡಿ. ವೇಗದ ವ್ಯತ್ಯಾಸ ಸಣ್ಣದಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗೆ ನಿಂತುಬಿಡುತ್ತದೆ. ಮೂರನೇ ತಲೆಮಾರಿನ ಒಳ್ಳೆಯ ಎನ್‌ವಿಎಂಇ ಸುಮಾರು 3500 ಮುಟ್ಟುತ್ತದೆ. ಆದರೂ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿದಾಗ ಸಿಗುವ ಖುಷಿ ದೊಡ್ಡದು. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಅದೇ ಧಾರಾಳವಾಗಿ ಸಾಕು. ಜಾಸ್ತಿ ಬೆಲೆಯದ್ದನ್ನು ತಲೆಗೆ ಕಟ್ಟಬೇಡಿ.

ಇನ್ನೊಂದು ಜಗಳ ನಿಮಗೆ ಖಂಡಿತ ಬರುತ್ತದೆ. ‘1 ಟಿಬಿ ತಗೊಂಡೆ, 931 ಜಿಬಿ ತೋರಿಸ್ತಿದೆ, ಉಳಿದದ್ದು ಎಲ್ಲಿ?’ ಡಿಸ್ಕ್ ಮಾಡುವವರು 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ, ಸಾವಿರದ ಲೆಕ್ಕದಲ್ಲಿ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ ತೋರಿಸುತ್ತದೆ. ಬೈಟ್‌ಗಳು ಅಷ್ಟೇ ಇವೆ. 500 ಎಂದದ್ದು 465 ಕಾಣುತ್ತದೆ, 256 ಎಂದದ್ದು 238. ಈ ಮೂರು ಜೋಡಿ ನೆನಪಿದ್ದರೆ ಗ್ರಾಹಕರಿಗೆ ಸಮಾಧಾನವಾಗಿ ಹೇಳಬಹುದು.

ಈಗ ಎರಡನೇ ಪದರ, ಅಂದರೆ ಡಿಸ್ಕ್ ಒಳಗಿನ ಲೆಕ್ಕ. ಊರಾಚೆ ಜಮೀನು ತೆಗೆದುಕೊಂಡು ಲೇಔಟ್ ಮಾಡುತ್ತಾರಲ್ಲ, ಹಾಗೆ ಯೋಚಿಸಿ. ಇಡೀ ಜಮೀನು ಡಿಸ್ಕ್. ಅದರಲ್ಲಿ ಹಂಚಿದ ಸೈಟುಗಳು ಪಾರ್ಟಿಷನ್. ಯಾವ ಸೈಟು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವ ನಕ್ಷೆ ಪಾರ್ಟಿಷನ್ ಟೇಬಲ್. ಒಂದು ಸೈಟಿನೊಳಗೆ ಯಾವ ಕೋಣೆಯಲ್ಲಿ ಏನಿದೆ ಎಂದು ಬರೆದಿಡುವ ಪದ್ಧತಿ ಫೈಲ್ ಸಿಸ್ಟಮ್. ನಕ್ಷೆ ಹರಿದುಹೋದರೆ ಮನೆಗಳು ಬಿದ್ದುಹೋಗುವುದಿಲ್ಲ, ಅಲ್ವಾ? ಡೇಟಾ ರಿಕವರಿ ಎಂಬ ಕೆಲಸ ನಡೆಯುವುದು ಈ ಕಾರಣದಿಂದಲೇ.

ಸಿ ಡ್ರೈವ್, ಡಿ ಡ್ರೈವ್ ಎಂದರೆ ಎರಡು ಡಿಸ್ಕ್ ಎಂದು ಬಹಳ ಜನ ತಿಳಿದಿದ್ದಾರೆ. ಅವು ಒಂದೇ ಡಿಸ್ಕ್‌ನ ಎರಡು ಪಾರ್ಟಿಷನ್ ಆಗಿರಬಹುದು. ‘ಡಿ ಡ್ರೈವ್‌ಗೆ ಬ್ಯಾಕಪ್ ಮಾಡಿದ್ದೀನಿ’ ಎಂದು ಗ್ರಾಹಕರು ಧೈರ್ಯವಾಗಿ ಹೇಳಿದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಅಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಇರುವುದು ನಿಜವಾದ ವಸ್ತು. ಅದರ ಪಕ್ಕದ ಪೆಟ್ಟಿಗೆಗಳು ಪಾರ್ಟಿಷನ್. ಎರಡೂ ಅಕ್ಷರ ಡಿಸ್ಕ್ 0ರಲ್ಲೇ ಇದ್ದರೆ ಅದು ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇದನ್ನು ಅವರಿಗೆ ಅವತ್ತೇ ಹೇಳಿ.

ಪಾರ್ಟಿಷನ್ ಟೇಬಲ್ ಬರೆಯುವ ರೀತಿ ಎರಡು. ಹಳೆಯದು ಎಂಬಿಆರ್, 1983ರಲ್ಲಿ ಡಾಸ್ 2.0 ಜೊತೆ ಬಂದದ್ದು. ಡಿಸ್ಕ್‌ನ ಮೊದಲ ಸೆಕ್ಟರ್‌ನ 512 ಬೈಟ್‌ನಲ್ಲೇ ಎಲ್ಲ ಮುಗಿಯಬೇಕು. ಅದರಲ್ಲಿ 446 ಬೈಟ್ ಬೂಟ್ ಮಾಡುವ ಪುಟ್ಟ ಪ್ರೋಗ್ರಾಂಗೆ. 64 ಬೈಟ್ ಟೇಬಲ್‌ಗೆ. ಕೊನೆಯ 2 ಬೈಟ್ ‘ಇದು ಸರಿಯಾದ ಸೆಕ್ಟರ್’ ಎಂಬ ಗುರುತಿಗೆ. ಒಂದು ಪಾರ್ಟಿಷನ್ ವಿವರಕ್ಕೆ 16 ಬೈಟ್ ಬೇಕು. ಹಾಗಾಗಿ 64 ಬೈಟ್‌ನಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಷನ್ ಹಿಡಿಸುತ್ತವೆ. ನಾಲ್ಕಕ್ಕಿಂತ ಜಾಸ್ತಿ ಬೇಕಾದಾಗ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಪಾರ್ಟಿಷನ್ ಮಾಡುತ್ತಿದ್ದರು. 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ ಎಂಬಿಆರ್ ಸುಮಾರು 2 ಟಿಬಿ ತನಕ ಮಾತ್ರ ಎಣಿಸಬಲ್ಲದು. 4 ಟಿಬಿ ಡಿಸ್ಕ್ ಹಾಕಿದಾಗ ಅರ್ಧ ಜಾಗ ಬಳಕೆಗೆ ಸಿಗದೆ ಉಳಿದರೆ ಡಿಸ್ಕ್ ನಕಲಿ ಎಂದು ಹೆದರಬೇಡಿ, ಮೊದಲು ಇದನ್ನು ನೋಡಿ.

ಹೊಸದು ಜಿಪಿಟಿ. ವಿಂಡೋಸ್‌ನಲ್ಲಿ 128 ಪಾರ್ಟಿಷನ್ ತನಕ ಮಾಡಬಹುದು. 2 ಟಿಬಿ ಗೋಡೆ ಇಲ್ಲ. ಎಲ್ಲಕ್ಕಿಂತ ಒಳ್ಳೆಯದೆಂದರೆ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿ ಇರುತ್ತದೆ. ಮೊದಲಿನದು ಹಾಳಾದರೆ ಕೊನೆಯದರಿಂದ ಸರಿಮಾಡಬಹುದು. ವಿಂಡೋಸ್‌ನ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಟೂಲ್‌ನಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟರೆ ಕೊನೆಯ ಕಾಲಂನಲ್ಲಿ ಜಿಪಿಟಿ ಡಿಸ್ಕ್‌ಗೆ ನಕ್ಷತ್ರದ ಗುರುತು ಬರುತ್ತದೆ. ನಕ್ಷತ್ರ ಇಲ್ಲದಿದ್ದರೆ ಸಾಮಾನ್ಯವಾಗಿ ಎಂಬಿಆರ್. ನಿಮ್ಮ ಅಣ್ಣಂದಿರು ‘ನೋಡು’ ಎಂದದ್ದು ಇದನ್ನೇ.

ಫೈಲ್ ಸಿಸ್ಟಮ್‌ಗಳಲ್ಲಿ ನಾಲ್ಕು ಗೊತ್ತಿದ್ದರೆ ಸಾಕು. ವಿಂಡೋಸ್‌ನ ಮುಖ್ಯ ಪಾರ್ಟಿಷನ್ ಎನ್‌ಟಿಎಫ್‌ಎಸ್. ಹಳೆಯ ಪೆನ್‌ಡ್ರೈವ್‌ಗಳಲ್ಲಿ ಫ್ಯಾಟ್ 32. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಮದುವೆ ವಿಡಿಯೋ ಕಾಪಿ ಆಗದೆ ನಿಂತರೆ ಪೆನ್‌ಡ್ರೈವ್ ಕೆಟ್ಟಿದೆ ಎನ್ನಬೇಡಿ. ಆ ಮಿತಿ ಬೇಡವಾದಾಗ ಎಕ್ಸ್‌ಫ್ಯಾಟ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇಎಕ್ಸ್‌ಟಿ4, ವಿಂಡೋಸ್ ಅದನ್ನು ನೇರವಾಗಿ ಓದುವುದಿಲ್ಲ. ಫೈಲ್ ಸಿಸ್ಟಮ್ ಗುರುತು ಸಿಗದಿದ್ದಾಗ ವಿಂಡೋಸ್ ‘ರಾ’ ಎಂದು ತೋರಿಸಿ, ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಪ್ರತಿ ಸಲವೂ ಕ್ಯಾನ್ಸಲ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಬೆಂಗಳೂರಿನಲ್ಲಿ ಕರೆಂಟ್ ಪದೇ ಪದೇ ಹೋಗುವ ದಿನಗಳಲ್ಲಿ ಯುಪಿಎಸ್ ಇಲ್ಲದ ಕಂಪ್ಯೂಟರ್‌ಗಳಿಗೆ ಇಂಥ ತೊಂದರೆ ಬರುವುದುಂಟು. ಬರೆಯುವುದು ಅರ್ಧಕ್ಕೆ ನಿಂತು ಲೆಕ್ಕ ತಪ್ಪಿರುತ್ತದೆ. ಫೈಲ್‌ಗಳು ಹೆಚ್ಚಾಗಿ ಅಲ್ಲೇ ಇರುತ್ತವೆ.

ಫಾರ್ಮ್ಯಾಟ್‌ನಲ್ಲೂ ಎರಡಿದೆ. ಕ್ವಿಕ್ ಫಾರ್ಮ್ಯಾಟ್ ಹೊಸ ಖಾಲಿ ಲೆಕ್ಕ ಶುರು ಮಾಡುತ್ತದೆ, ಹಳೆಯ ಡೇಟಾವನ್ನು ಅಳಿಸುವುದಿಲ್ಲ. ವಿಸ್ಟಾ ಕಾಲದಿಂದ ಪೂರ್ತಿ ಫಾರ್ಮ್ಯಾಟ್ ಎಂದರೆ ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುವುದು. ಅದಾದ ಮೇಲೆ ರಿಕವರಿ ಮರೆತುಬಿಡಿ. ಎಸ್‌ಎಸ್‌ಡಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ ಅಪಾಯ. ಟ್ರಿಮ್ ಎಂಬ ಆಜ್ಞೆ ‘ಈ ಜಾಗ ಇನ್ನು ಬೇಡ’ ಎಂದು ಡಿಸ್ಕ್‌ಗೆ ತಿಳಿಸುತ್ತದೆ, ಕಂಟ್ರೋಲರ್ ಅದನ್ನು ಒಳಗೊಳಗೇ ಖಾಲಿ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ವಾಪಸ್ ತೆಗೆದ ಅನುಭವದ ಮೇಲೆ ಎಸ್‌ಎಸ್‌ಡಿ ತಂದವರಿಗೂ ‘ಸಿಗುತ್ತೆ ಬಿಡಿ’ ಎಂದು ಮಾತು ಕೊಡಬೇಡಿ.

ಇನ್ನು ಬೂಟಿಂಗ್. ಪವರ್ ಬಟನ್ ಒತ್ತಿದೊಡನೆ ಹಾರ್ಡ್ ಡಿಸ್ಕ್ ಕೆಲಸಕ್ಕೆ ಬರುವುದಿಲ್ಲ. ಮೊದಲು ಏಳುವುದು ಮದರ್‌ಬೋರ್ಡ್ ಮೇಲಿನ ಒಂದು ಚಿಪ್‌ನಲ್ಲಿರುವ ಫರ್ಮ್‌ವೇರ್ ಎಂಬ ಪ್ರೋಗ್ರಾಂ. ಹಳೆಯ ಮಷಿನ್‌ನಲ್ಲಿ ಅದು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. 1981ರ ಐಬಿಎಂ ಪಿಸಿಯಿಂದ ನಡೆದುಬಂದದ್ದು ಬಯೋಸ್. ಯುಇಎಫ್‌ಐ ನೋಡಿಕೊಳ್ಳುವ ಕಂಪನಿಗಳ ಕೂಟ ಶುರುವಾದದ್ದು 2005ರಲ್ಲಿ. ಯುಇಎಫ್‌ಐ ಇರುವ ಮಷಿನ್‌ಗೂ ಎಲ್ಲರೂ ‘ಬಯೋಸ್‌ಗೆ ಹೋಗು’ ಎಂದೇ ಹೇಳುತ್ತಾರೆ. ಹೇಳಲಿ. ನಿಮಗೆ ಒಳಗಿನ ವ್ಯತ್ಯಾಸ ಗೊತ್ತಿರಲಿ.

ಫರ್ಮ್‌ವೇರ್ ಮೊದಲು ಪೋಸ್ಟ್ ಮಾಡುತ್ತದೆ. ಪ್ರೊಸೆಸರ್, ರ್‍ಯಾಮ್, ಡಿಸ್ಪ್ಲೇ ಇವೆಯಾ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬೀಪ್ ಹೊಡೆಯುವುದು, ಡಿಸ್ಪ್ಲೇ ಬರದೇ ಇರುವುದು ಸಾಮಾನ್ಯವಾಗಿ ಈ ಹಂತದ ತೊಂದರೆ. ಡಿಸ್ಪ್ಲೇನೇ ಇಲ್ಲ ಎಂದಾಗ ಓಎಸ್ ಹಾಕುವ ಮಾತಾಡುವುದರಲ್ಲಿ ಅರ್ಥವಿಲ್ಲ. ಕಂಪನಿ ಲೋಗೋ ಬಂತು, ಸೆಟಪ್ (ಫರ್ಮ್‌ವೇರ್‌ನ ಸೆಟ್ಟಿಂಗ್) ಪರದೆ ತೆರೆಯಿತು ಎಂದರೆ ಪೋಸ್ಟ್ ದಾಟಿದೆ. ಡಿಸ್ಕ್ ಪೂರ್ತಿ ಬಿಚ್ಚಿಟ್ಟರೂ ಸೆಟಪ್ ತೆರೆಯುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಫರ್ಮ್‌ವೇರ್ ಎಲ್ಲಿದೆ ಎಂಬುದು ಮತ್ತೆ ಮರೆಯುವುದಿಲ್ಲ. ಸೆಟಪ್‌ಗೆ ಹೋಗಲು ಮಷಿನ್ ನೋಡಿಕೊಂಡು ಎಫ್2 ಅಥವಾ ಡಿಲೀಟ್, ಎಚ್‌ಪಿಯಲ್ಲಿ ಎಫ್10. ಒಂದು ಸಲಕ್ಕೆ ಮಾತ್ರ ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬೂಟ್ ಮೆನು: ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ದಿನಾಂಕ, ಗಂಟೆ ಪ್ರತಿದಿನ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಅದೇ ಸಿಮೋಸ್ ಬ್ಯಾಟರಿ, ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್ 2032. ಹಳೆಯ ಮಷಿನ್‌ಗಳಲ್ಲಿ ಇದು ಸತ್ತರೆ ಬೂಟ್ ಸೆಟ್ಟಿಂಗ್‌ಗಳೂ ಮರೆತುಹೋಗಿ, ಡಿಸ್ಕ್ ಕೆಟ್ಟಂತೆ ಕಾಣುತ್ತದೆ.

ಪೋಸ್ಟ್ ಆದ ಮೇಲೆ ಫರ್ಮ್‌ವೇರ್ ಬೂಟ್ ಆರ್ಡರ್ ನೋಡುತ್ತದೆ. ಯಾವುದರಿಂದ ಮೊದಲು ಪ್ರಯತ್ನಿಸಬೇಕು ಎಂಬ ಸರದಿ ಅದು. ಇಲ್ಲಿಂದ ದಾರಿ ಎರಡಾಗುತ್ತದೆ. ನಿಮ್ಮ ಪ್ರಶ್ನೆಯಲ್ಲಿದ್ದ ಮೂರೂ ಮಾತುಗಳು ಇಲ್ಲಿ ಸೇರುತ್ತವೆ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ಹಳೆಯ ದಾರಿಯನ್ನು ಲೆಗಸಿ ಎನ್ನುತ್ತಾರೆ. ಬಯೋಸ್‌ಗೆ ಪಾರ್ಟಿಷನ್, ಫೈಲ್ ಯಾವುದೂ ಗೊತ್ತಿಲ್ಲ. ಡಿಸ್ಕ್‌ನ ಮೊದಲ ಸೆಕ್ಟರ್ ಓದಿ ಅಲ್ಲಿರುವ 446 ಬೈಟ್ ಪ್ರೋಗ್ರಾಂ ಓಡಿಸುತ್ತದೆ, ಅಷ್ಟೇ. ಆ ಪ್ರೋಗ್ರಾಂ ‘ಆ್ಯಕ್ಟಿವ್’ ಎಂದು ಗುರುತು ಇರುವ ಪಾರ್ಟಿಷನ್ ಹುಡುಕುತ್ತದೆ. ಅಲ್ಲಿಂದ ಬೂಟ್‌ಲೋಡರ್ ಎದ್ದು ವಿಂಡೋಸನ್ನು ಎಬ್ಬಿಸುತ್ತದೆ. ಹೊಸ ದಾರಿ ಯುಇಎಫ್‌ಐಯದು. ಅದಕ್ಕೆ ಫೈಲ್ ಓದಲು ಬರುತ್ತದೆ. ಡಿಸ್ಕ್‌ನಲ್ಲಿ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಎಂಬ ಪುಟ್ಟ ಪಾರ್ಟಿಷನ್ ಇರುತ್ತದೆ. ಫ್ಯಾಟ್ 32ರಲ್ಲಿರುತ್ತದೆ, ವಿಂಡೋಸ್ ಹಾಕುವಾಗ ತಾನಾಗಿ ಆಗುವುದು ಹೆಚ್ಚಾಗಿ 100 ಮೆಗಾಬೈಟ್. ಅದರೊಳಗಿನ ಒಂದು ಫೈಲೇ ಬೂಟ್‌ಲೋಡರ್. ಆ ಫೈಲ್ ಎಲ್ಲಿದೆ ಎಂದು ಮದರ್‌ಬೋರ್ಡ್ ತನ್ನ ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಆದ್ದರಿಂದಲೇ ಹೊಸ ಮಷಿನ್‌ನ ಬೂಟ್ ಆರ್ಡರ್‌ನಲ್ಲಿ ಡಿಸ್ಕ್ ಕಂಪನಿಯ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಕಾಣುತ್ತದೆ. ಜಾಗ ಸಾಲದು ಎಂದು ಆ 100 ಮೆಗಾಬೈಟ್ ಪಾರ್ಟಿಷನ್ ಡಿಲೀಟ್ ಮಾಡುವವರಿದ್ದಾರೆ. ಮಾಡಿದ ಮರುಕ್ಷಣ ಏನೂ ಆಗುವುದಿಲ್ಲ. ಮುಂದಿನ ಸಲ ಆನ್ ಮಾಡಿದಾಗ ಬೂಟ್ ಆಗುವುದಿಲ್ಲ.

ಹಾಗಾಗಿ ವಿಂಡೋಸ್ ಮಟ್ಟಿಗೆ ಜೋಡಿ ಹೀಗಿದೆ: ಲೆಗಸಿ ಇದ್ದರೆ ಎಂಬಿಆರ್, ಯುಇಎಫ್‌ಐ ಇದ್ದರೆ ಜಿಪಿಟಿ. ಜೋಡಿ ತಪ್ಪಿದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ‘ಈ ಡಿಸ್ಕ್‌ನಲ್ಲಿ ಎಂಬಿಆರ್ ಟೇಬಲ್ ಇದೆ, ಇಎಫ್‌ಐ ಸಿಸ್ಟಮ್‌ನಲ್ಲಿ ಜಿಪಿಟಿಗೆ ಮಾತ್ರ ಹಾಕಬಹುದು’ ಎಂಬ ಅರ್ಥದ ಎರರ್ ಬರುತ್ತದೆ. ಆಗ ಡಿಸ್ಕ್‌ಪಾರ್ಟ್ ತೆರೆದು ‘ಕ್ಲೀನ್’ ಕೊಡಿ ಎಂದು ಸಲಹೆ ಕೊಡುವವರು ಬಹಳ. ಕ್ಲೀನ್ ಕೊಟ್ಟರೆ ಆ ಡಿಸ್ಕ್‌ನ ಎಲ್ಲ ಪಾರ್ಟಿಷನ್ ಹೋಗುತ್ತವೆ, ಸಿ ಮಾತ್ರವಲ್ಲ. ಡೇಟಾ ಬೇಕಿದ್ದರೆ ಆ ಕಡೆ ಹೋಗಬೇಡಿ. ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್‌ಟುಜಿಪಿಟಿ ಎಂಬ ಟೂಲ್ ಜೊತೆಯಲ್ಲೇ ಬರುತ್ತದೆ. ಡೇಟಾ ಅಳಿಸದೆ ಟೇಬಲ್ ಬದಲಿಸುತ್ತದೆ. ಅದು ಒಪ್ಪಬೇಕಾದರೆ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಲಾಜಿಕಲ್ ಇರಲೇಬಾರದು. ಆದ ಮೇಲೆ ಸೆಟಪ್‌ನಲ್ಲಿ ಲೆಗಸಿಯಿಂದ ಯುಇಎಫ್‌ಐಗೆ ಬದಲಿಸುವುದು ಮರೆಯಬಾರದು. ಬ್ಯಾಕಪ್ ಮೊದಲು ತೆಗೆಯಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯುಇಎಫ್‌ಐ, ಟಿಪಿಎಂ 2.0 (ಬೀಗದ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಬೇಕು. ಹಾಗಾಗಿ ಈ ಕೆಲಸ ನಿಮ್ಮ ಟೇಬಲ್‌ಗೆ ಬರುತ್ತಲೇ ಇರುತ್ತದೆ.

ಸೆಟಪ್‌ನಲ್ಲಿ ಸಾಟಾ ಮೋಡ್ ಎಂಬ ಸೆಟ್ಟಿಂಗ್ ಇದೆ. ಡಿಸ್ಕ್ ಕಂಟ್ರೋಲರ್ ಯಾವ ರೀತಿ ಕೆಲಸ ಮಾಡಬೇಕು ಎಂಬ ಆಯ್ಕೆ ಅದು, ಎಎಚ್‌ಸಿಐ ಅಥವಾ ರೇಡ್ ಎಂದಿರುತ್ತದೆ. ವಿಂಡೋಸ್ ಹಾಕಿಯಾದ ಮೇಲೆ ಇದನ್ನು ಬದಲಿಸಿದರೆ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರಬಹುದು. ಮೊದಲಿನಂತೆ ಇಟ್ಟರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಇಂಟೆಲ್ 11ನೇ ತಲೆಮಾರಿನಿಂದೀಚೆಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕುವಾಗ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಕೆಟ್ಟಿರುವುದಿಲ್ಲ, ವಿಎಂಡಿ ಎಂಬ ಇಂಟೆಲ್ ಡಿಸ್ಕ್ ವ್ಯವಸ್ಥೆಯ ಡ್ರೈವರ್ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಲೋಡ್ ಮಾಡಬೇಕು. ಇದು ಗೊತ್ತಿಲ್ಲದೆ ಹೊಸ ಎಸ್‌ಎಸ್‌ಡಿ ಬರೆದುಕೊಟ್ಟರೆ ಗ್ರಾಹಕರ ದುಡ್ಡು ವ್ಯರ್ಥ.

ಬಿಟ್‌ಲಾಕರ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಇದು ಡಿಸ್ಕ್‌ನಲ್ಲಿರುವುದನ್ನೆಲ್ಲ ಬೀಗ ಹಾಕಿ ಇಡುವ ವ್ಯವಸ್ಥೆ. ಬೀಗದ ಕೈಯನ್ನು ಮದರ್‌ಬೋರ್ಡ್‌ನ ಟಿಪಿಎಂ ಕಾಯುತ್ತದೆ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದೊಡನೆ ಇದು ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ನೀವು ಬಯೋಸ್ ಅಪ್‌ಡೇಟ್ ಮಾಡಿದಿರಿ, ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್‌ಲೋಡರ್ ಮಾತ್ರ ಓಡಲು ಬಿಡುವ ಸೆಟ್ಟಿಂಗ್) ಆಫ್ ಮಾಡಿದಿರಿ, ಅಥವಾ ಬೋರ್ಡ್ ಬದಲಿಸಿದಿರಿ ಎನ್ನಿ. 48 ಅಂಕಿಗಳ ರಿಕವರಿ ಕೀ ಕೇಳುವ ನೀಲಿ ಪರದೆ ಬರಬಹುದು. ಕೀ ಇಲ್ಲದಿದ್ದರೆ ಡೇಟಾ ಇಲ್ಲ, ಯಾವ ಅಂಗಡಿಯವರಿಂದಲೂ ಆಗುವುದಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಕೈಗೆ ಬಂದ ಕೂಡಲೇ, ಸ್ಕ್ರೂ ಬಿಚ್ಚುವ ಮೊದಲು, ‘ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ನೆನಪಿದೆಯಾ? ಅದರಲ್ಲಿ ರಿಕವರಿ ಕೀ ಇದೆಯಾ ನೋಡಿ’ ಎಂದು ಅವರ ಮೊಬೈಲ್‌ನಲ್ಲೇ ತೆಗೆಸಿ. ಕೀಯನ್ನು ಅವರೇ ಇಟ್ಟುಕೊಳ್ಳಲಿ.

ಎರರ್‌ಗಳನ್ನು ಈಗ ಓದಬಹುದು. ‘ನೋ ಬೂಟೆಬಲ್ ಡಿವೈಸ್’, ‘ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದರೆ ಫರ್ಮ್‌ವೇರ್ ಎದ್ದಿದೆ, ಮುಂದೆ ಯಾರನ್ನೂ ಎಬ್ಬಿಸಲು ಸಿಗಲಿಲ್ಲ. ಮೊದಲು ಯಾವುದಾದರೂ ಪೆನ್‌ಡ್ರೈವ್ ಚುಚ್ಚಿಕೊಂಡಿದೆಯಾ ನೋಡಿ. ಆಮೇಲೆ ಸೆಟಪ್‌ನಲ್ಲಿ ಡಿಸ್ಕ್ ಹೆಸರು ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಕೇಬಲ್, ಸ್ಲಾಟ್, ಡಿಸ್ಕ್, ಈ ಕ್ರಮದಲ್ಲಿ ಹೋಗಿ. ಕಂಡರೆ ಬೂಟ್ ಆರ್ಡರ್, ಲೆಗಸಿ–ಯುಇಎಫ್‌ಐ ಜೋಡಿ, ಕೊನೆಗೆ ಬೂಟ್‌ಲೋಡರ್. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದರೆ ಡಿಸ್ಕ್‌ನ ಮೊದಲ ಸೆಕ್ಟರ್ ತನಕ ಓದಾಗಿದೆ, ಅಲ್ಲಿಂದ ಮುಂದೆ ಬೂಟ್‌ಲೋಡರ್ ಸಿಗಲಿಲ್ಲ. ಇದು ಲೆಗಸಿ ದಾರಿಯ ಮಾತು. ಯುಇಎಫ್‌ಐ ಮಷಿನ್‌ನಲ್ಲಿ ಬೂಟ್ ಫೈಲ್‌ಗಳನ್ನು ಮತ್ತೆ ಬರೆಯಲು ಬಿಸಿಡಿಬೂಟ್ ಎಂಬ ಕಮಾಂಡ್ ಇದೆ. ಅಲ್ಲಿ ಎಂಬಿಆರ್ ಸರಿಪಡಿಸುವ ಕಮಾಂಡ್ ಕೊಟ್ಟು ಕಾಯುವುದು ದಂಡ. ವಿಂಡೋಸ್ ಲೋಗೋ ಬಂದು ಚುಕ್ಕಿಗಳು ತಿರುಗುತ್ತಾ ನಿಂತರೆ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿದೆ. ತೊಂದರೆ ವಿಂಡೋಸ್‌ನೊಳಗೆ, ಡ್ರೈವರ್‌ನಲ್ಲಿ ಅಥವಾ ನಿಧಾನವಾಗಿ ಸಾಯುತ್ತಿರುವ ಡಿಸ್ಕ್‌ನಲ್ಲಿ. ಸೇಫ್ ಮೋಡ್, ಸ್ಮಾರ್ಟ್ ಎರಡನ್ನೂ ನೋಡಿ. ಇನ್ನೊಂದು ಮಾತು: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ‘ಆಫ್ ಮಾಡಿ ಆನ್ ಮಾಡಿದೆ ಸರ್’ ಎಂದವರಿಗೆ ರೀಸ್ಟಾರ್ಟ್ ಮಾಡಿಸಿ.

ಅಭ್ಯಾಸಕ್ಕೆ ದೊಡ್ಡ ಕೋರ್ಸ್ ಬೇಡ. ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು ಬೂಟೆಬಲ್ ಪೆನ್‌ಡ್ರೈವ್ ಮಾಡುವ ರೂಫಸ್ ಎಂಬ ಪ್ರೋಗ್ರಾಂ ತೆರೆಯಿರಿ. ಪಾರ್ಟಿಷನ್ ಸ್ಕೀಮ್ ಎಂಬಿಆರ್ ಬೇಕಾ ಜಿಪಿಟಿ ಬೇಕಾ, ಟಾರ್ಗೆಟ್ ಬಯೋಸ್‌ಗಾ ಯುಇಎಫ್‌ಐಗಾ, ಫೈಲ್ ಸಿಸ್ಟಮ್ ಯಾವುದು, ಕ್ವಿಕ್ ಫಾರ್ಮ್ಯಾಟ್ ಬೇಕಾ ಎಂದು ಒಂದೇ ಪರದೆಯಲ್ಲಿ ಕೇಳುತ್ತದೆ. ನಾನು ಇಲ್ಲಿ ಹೇಳಿದ್ದರಲ್ಲಿ ಎಷ್ಟೋ ಪದಗಳು ಅಲ್ಲಿವೆ. ಎರಡು ರೀತಿಯಲ್ಲೂ ಬೂಟೆಬಲ್ ಮಾಡಿ, ಅಂಗಡಿಯ ಹಳೆಯ ಮಷಿನ್ ಒಂದರಲ್ಲೂ ಹೊಸದರಲ್ಲೂ ಚುಚ್ಚಿ, ಯಾವುದು ಎಲ್ಲಿ ಏಳುತ್ತದೆ ನೋಡಿ. ಮೂಲೆಗೆ ಬಿದ್ದ ಹಳೆಯ ಡಿಸ್ಕ್ ಮೇಲೆ ಪ್ರಯೋಗ ಮಾಡುವುದಾದರೆ ಅಂಗಡಿ ಮಾಲೀಕರನ್ನು ಕೇಳಿಯೇ ಮಾಡಿ, ಅದರಲ್ಲಿ ಯಾರದೋ ಡೇಟಾ ಇರಬಹುದು. ಜಾಬ್ ಕಾರ್ಡ್‌ನಲ್ಲಿ ‘ಎಚ್‌ಡಿಡಿ ಪ್ರಾಬ್ಲಂ’ ಎಂದು ಬರೆಯುವುದು ಇವತ್ತಿನಿಂದ ನಿಲ್ಲಿಸಿ. ‘ಸೆಟಪ್‌ನಲ್ಲಿ ಡಿಸ್ಕ್ ಕಾಣುತ್ತಿದೆ, ಸ್ಮಾರ್ಟ್ ಸರಿ, ಜಿಪಿಟಿ, ಇಎಫ್‌ಐ ಪಾರ್ಟಿಷನ್ ಇಲ್ಲ’ ಎಂದು ಬರೆಯಿರಿ. ಆ ಒಂದು ಸಾಲು ಬರೆಯಬೇಕಾದರೆ ನೀವು ನಾಲ್ಕು ಕಡೆ ನೋಡಿರಲೇಬೇಕು.

ಕ್ಲೋನ್ ಎಂದರೆ ಒಂದು ಡಿಸ್ಕನ್ನು ಇನ್ನೊಂದರ ಮೇಲೆ ಹಾಗೆಯೇ ನಕಲು ಮಾಡುವುದು, ಬೂಟ್ ಪಾರ್ಟಿಷನ್ ಸಮೇತ. ಇಮೇಜ್ ಎಂದರೆ ಅದೇ ನಕಲನ್ನು ಒಂದು ಫೈಲ್ ಆಗಿ ಇಡುವುದು. ಕ್ಲೋನ್ ಮಾಡುವಾಗ ಸೋರ್ಸ್ ಯಾವುದು, ಟಾರ್ಗೆಟ್ ಯಾವುದು ಎಂದು ಸೀರಿಯಲ್ ನಂಬರ್ ನೋಡಿ ಇನ್ನೊಬ್ಬರಿಗೆ ಜೋರಾಗಿ ಓದಿ ಹೇಳಿ, ಆಮೇಲೆ ಸ್ಟಾರ್ಟ್ ಒತ್ತಿ. ಎರಡೂ 500 ಜಿಬಿ ಆಗಿದ್ದರೆ ಅಳತೆ ನೋಡಿ ಗುರುತಿಸಲಾಗುವುದಿಲ್ಲ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕ್ ಮೇಲೆ ಕ್ಲೋನ್ ಮಾಡಿದರೆ ವಾಪಸ್ ಬರುವ ದಾರಿ ಇಲ್ಲ.

ಪಟ್ಟಿಯಲ್ಲಿ ನೀವು ಕಂಡಿರುವ ಸಿಲಿಂಡರ್, ಐಡಿಇ, ಮಾಸ್ಟರ್–ಸ್ಲೇವ್ ಜಂಪರ್ ಇವನ್ನೆಲ್ಲ ಈಗ ಬಿಡಿ. ತುಂಬಾ ಹಳೆಯ ಮಷಿನ್ ಬಂದಾಗ ನೋಡಿಕೊಂಡರಾಯಿತು. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ಕಲಿಯಲು ಬೇರೆಯೇ ಸಮಯ ಬೇಕು. ಅಲ್ಲಿಯವರೆಗೆ, ಯಾವುದಾದರೂ ಆಫೀಸಿನ ಸರ್ವರ್ ಅಥವಾ ನಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ನಿಮ್ಮ ಕೈಗೆ ಬಂದರೆ, ಡಿಸ್ಕ್ ಹೊರಗೆ ಎಳೆಯುವ ಮೊದಲು ಪ್ರತಿಯೊಂದರ ಮೇಲೂ ಅದು ಇದ್ದ ಸ್ಲಾಟ್ ನಂಬರನ್ನು ಮಾರ್ಕರ್‌ನಲ್ಲಿ ಬರೆಯಿರಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಸೀನಿಯರ್‌ಗೆ ಕೊಡಿ.